ಆಯಾ ಮಂಚಿಯ ಗೋರಿ

ಗೇಟಿನ ಹತ್ತಿರ ಯಾರೋ ಚಪ್ಪಲಿ ಬಿಟ್ಟಿದ್ದಾರೆ, ಹವಾಯಿ ಚಪ್ಪಲಿ, ಒಂದರ ಉಂಗುಷ್ಟಕ್ಕೆ ಪಿನ್ನು ಚುಚ್ಚಿದೆ, ಇದೇನು ದೇವಸ್ಥಾನವೇ—ಪ್ರೇಮ್‌ಕುಮಾರನಿಗೆ ನಗು ಬಂತು, ಮೂರು ವರ್ಷದಿಂದ ಭಾನುವಾರ ಬೆಳಿಗ್ಗೆ ಈ ಹಳೇ ಇಂಗ್ಲಿಷರ ಸ್ಮಶಾನ ತೋರಿಸುತ್ತ ಬಂದಿದ್ದಾನೆ, ಶೂ ಕಾಲಲ್ಲೇ ಗೋರಿಯ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡವರನ್ನು ಕಂಡಿದ್ದಾನೆ, ಬರಿಗಾಲಲ್ಲಿ ಬಂದವರನ್ನು ಕಂಡಿಲ್ಲ. ತಂಡದ ಕೊನೆಯಲ್ಲಿ ಬರಿಗಾಲಲ್ಲಿ ಒಬ್ಬ ಮುದುಕಿ, ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಬಾಳೆಲೆಯ ಪೊಟ್ಟಣ, ತಿಂಡಿಯಿರಬೇಕು, ಒಳಗೆ ತಿನ್ನಬಾರದು ಎಂದು ಹೇಳಬೇಕು, ಆಮೇಲೆ ಹೇಳಿದರಾಯಿತು—ಬನ್ನಿ, ಹೀಗೆ ಬನ್ನಿ, ಇದು ಕರ್ನಲ್‌ನ ಗೋರಿ, ಬೇವಿನ ಬೇರು ಸೀಳಿದ್ದ ಈ ಕಲ್ಲನ್ನು ಜೋಡಿಸಲು ನಮಗೆ ಒಂದು ವರ್ಷ ಹಿಡಿಯಿತು. ನಿಜವೇ, ಹಿಡಿಯಿತು, ಈ ಜಾಗವನ್ನು ವಾಹನ ನಿಲ್ದಾಣ ಮಾಡಲು ಹೊರಟಾಗ ಮನೆಮನೆ ಅಲೆದು ಸಹಿ ಹಾಕಿಸಿದವನು ಅವನು, ಪಾರ್ಥೇನಿಯಂ ಕಿತ್ತು ಕಿತ್ತು ಕೈಯೆಲ್ಲ ಬೊಬ್ಬೆ, ಆದರೂ ಯಾರು ಬರುತ್ತಿದ್ದರು, ಇಸವಿ ಕೇಳಲು ಯಾರು ಬರುತ್ತಾರೆ, ಮೊದಲ ಭಾನುವಾರ ನಾಲ್ಕು ಜನ, ಅವರೂ ಆಕಳಿಸುತ್ತಿದ್ದರು, ಆಗಲೇ ಮೂಲೆಯ ಎರಡು ಸಣ್ಣ ಕಲ್ಲು ಕಣ್ಣಿಗೆ ಬಿದ್ದದ್ದು. ಒಂದು ಮೂರು ವರ್ಷದ ದೊರೆಮಗುವಿನದು. ಪಕ್ಕದ್ದು ಮೊಳಕಾಲೆತ್ತರ, ತಲೆ ದುಂಡಗೆ, ಅದರ ಮೇಲೆ ಮಂಚಿ, ಆಯಾ, ೧೮೭೨ರ ಒಂದು ತಾರೀಖು, ಅಷ್ಟೇ. ಎರಡರ ತಾರೀಖಿಗೂ ಎರಡೇ ದಿನದ ಅಂತರ. ಆ ಎರಡು ದಿನದ ಸಂದಿಯಲ್ಲಿ ಅವನು ಬಾಯಲ್ಲೇ ಒಂದು ಬಾವಿ ತೋಡಿದ, ದೊರೆಯ ಮೇಲಿನ ಸೇಡಿಗೆ ಆಯಾ ಕೂಸನ್ನು ಬಾವಿಗೆ ಎಸೆದಳು, ಮೂರನೆಯ ದಿನ ತಾನೂ ಹಾರಿದಳು. ಅಂದು ನಾಲ್ವರೂ ಆಕಳಿಸುವುದನ್ನು ಬಿಟ್ಟರು. ಮುಂದಿನ ವಾರ ಇಪ್ಪತ್ತು ಜನ.

ಇವತ್ತೂ ಅದನ್ನೇ ಹೇಳಿದ, ದನಿ ತಗ್ಗಿಸಬೇಕಾದಲ್ಲಿ ತಗ್ಗಿಸಿ, ಬಾವಿ ಎಲ್ಲಿತ್ತೆಂದು ಬೆರಳು ತೋರಿಸಿ—ಅಲ್ಲಿ ಬಾವಿ ಯಾವತ್ತೂ ಇರಲಿಲ್ಲ—ಹೇಳುತ್ತಿದ್ದಂತೆ ಆ ಮುದುಕಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅಪ್ಪಾ, ಅದು ನಮ್ಮಜ್ಜಿಗೆ ಅಜ್ಜಿ ಕಣಪ್ಪ. ನನ್ನೆಸ್ರೂ ಮಂಚಮ್ಮನೇ, ಆಯಮ್ಮಂದೇ ಮಡಗವ್ರೆ. ಯಾರೋ ಮೊಬೈಲ್ ಎತ್ತಿ ಹಿಡಿದರು. ಕೂಸ್ಗೆ ವಾಂತಿಬೇದಿ ಬಂದ್ಬುಡ್ತಂತೆ, ಹೆತ್ತೋರೂ ಮುಟ್ದೆ ದೂರ ನಿಂತ್ಬುಟ್ರಂತೆ, ಇವ್ಳು ಮಡ್ಲಲ್ಲೇ ಮಲಗಿಸ್ಕೊಂಡಿದ್ಲಂತೆ, ಕೂಸು ಓಯ್ತು, ಎರಡ್ ದಿನಕ್ಕೆ ಇವ್ಳೂ ಓದ್ಲು. ಬಾವಿಗೀವಿ ಏನೂ ಇಲ್ಲ ಕಣಪ್ಪ, ನಿಂಗ್ಯಾರು ಏಳಿದ್ದು? ಹನ್ನೆರಡು ಮುಖಗಳು ಅವನ ಕಡೆ ತಿರುಗಿದವು, ಹನ್ನೆರಡು, ಅವನ ಕತ್ತಿನಲ್ಲಿ ಗೈಡ್ ಎಂಬ ಪಟ್ಟಿ, ಆಗ ಅವನ ಬಾಯಿಂದ ಬಂದದ್ದು—ರೆಕಾರ್ಡಿನಲ್ಲಿ ಹಾಗೇ ಇದೆ ಅಮ್ಮ. ಯಾವ ರೆಕಾರ್ಡು, ಎಲ್ಲಿಯ ರೆಕಾರ್ಡು. ರೆಕಾರ್ಡಲ್ಲಿ ಅಂಗೇ ಬರ್ದವ್ರಾ, ಎಂದಳು ಮುದುಕಿ, ಮೆಲ್ಲಗೆ, ಬರೆದದ್ದರ ಮುಂದೆ ತನ್ನ ಮಾತು ಯಾವ ಲೆಕ್ಕ ಎನ್ನುವ ಹಾಗೆ, ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಚೆನ್ನಾಗಿತ್ತು. ಮೊದ್ಲು ಇಂದ್ಗಡೆ ಮುರುಕ್ಲು ಗೋಡೆ ದಾಟಿ ವರ್ಸಕ್ಕೊಂದ್ಸಲ ಬಂದು ಊವ ಇಟ್ಟೋಯ್ತಿದ್ದೆ, ಈಗ ಗೋಡೆ ಕಟ್ಬುಟ್ಟವ್ರೆ, ಹೂಟಗಳ್ಳಿಯಿಂದ ಎರಡು ಬಸ್ ಇಡ್ಕೊಂಡು ಬಂದೆ. ಆ ಗೋಡೆ ಕಟ್ಟಿಸಿದವನೂ ಅವನೇ. ಪೊಟ್ಟಣ ಬಿಚ್ಚಿ ಸೇವಂತಿಗೆ ಇಟ್ಟಳು, ಮಂಡಿಯೂರಿದಳು, ಆ ದುಂಡು ಕಲ್ಲಿನ ಎರಡು ಪಕ್ಕಕ್ಕೂ ಎರಡು ಅಂಗೈ ಒತ್ತಿ ಹಿಡಿದಳು, ಕೆಟ್ಟ ಮಾತು ಬೀಳದಿರಲೆಂದು ಮಗುವಿನ ಕಿವಿ ಮುಚ್ಚುವಂತೆ. ಬನ್ನಿ, ಮುಂದಿನದು ಡಾಕ್ಟರರ ಗೋರಿ, ಎಂದ ಅವನು. ಹೌದು, ಹಾಗೇ ಎಂದ.

ತಿರುಗಿ ಬಂದಾಗ ಗೇಟಿನಲ್ಲಿ ಚಪ್ಪಲಿ ಇಲ್ಲ. ರಸ್ತೆಗೆ ಓಡಿದ, ಬಸ್ ಸ್ಟಾಪಿನಲ್ಲೂ ಮುದುಕಿ ಇಲ್ಲ, ಅಗ್ರಹಾರದ ಆ ಮನೆ ಯಾಕೆ ಈಗ ನೆನಪಾಗಬೇಕು, ಅವ್ವ ಪಾತ್ರೆ ತೊಳೆಯುತ್ತಿದ್ದ ಮನೆ, ಬೆಳ್ಳಿ ಲೋಟ ಕಾಣದೆ ಹೋದ ದಿನ ಅವ್ವನ ಸೆರಗು ಕೊಡವಿಸಿ ನೋಡಿದ್ದರು, ನಾನಲ್ಲ ಕಣೋ ಮಗ, ಎಂದು ಹತ್ತು ವರ್ಷದ ಅವನಿಗೆ ಹೇಳಿಕೊಂಡಿದ್ದಳು, ಇನ್ಯಾರೂ ಕೇಳುವವರಿಲ್ಲದೆ. ವಾರದ ಮೇಲೆ ಲೋಟ ಪೆಟ್ಟಿಗೆಯ ಹಿಂದೆ ಸಿಕ್ಕಿತಂತೆ. ಸಿಕ್ಕಿತೆಂದು ಹೇಳಲು ಯಾರೂ ಬರಲಿಲ್ಲ, ಅವ್ವ ಸಾಯುವ ತನಕ ಬರಲಿಲ್ಲ. ಅಂಥ ಅವ್ವನ ಮಗ ಅವನು. ಫೋನ್ ತೆಗೆದ. ಮಹಾಂತೇಶ್ ಸರ್, ಸ್ಮಶಾನ ಉಳಿಸುವ ಸಮಿತಿಯ ಕಾರ್ಯದರ್ಶಿ, ಸರ್, ಬುಧವಾರ ಇಲ್ಲಿ ನಿಲ್ಲಿಸುವ ಕಲ್ಲಿನ ಬೋರ್ಡಿನಲ್ಲಿ ಆಯಾಳ ಕಥೆ ತಪ್ಪು ಸರ್, ನಾನೇ ಕಟ್ಟಿದ್ದು. ಆ ಕಡೆ ನಗು. ಕಲ್ಲಲ್ಲಿ ಕೆತ್ತಿ ಆಗೋಗಿದೆ ಕಣ್ರೀ ಪ್ರೇಮ್, ಜನ ಬರೋದೇ ಆಯಮ್ಮನ್ನ ನೋಡೋಕೆ, ನೂರೈವತ್ತು ವರ್ಷದ ಹೆಣಕ್ಕೆ ಏನ್ ಬೇಜಾರು, ಬುಡಿ.

ಒಂಬತ್ತಕ್ಕೆ ಎರಡನೆಯ ತಂಡ. ಮೂಲೆಗೆ ಬಂದ, ಹೂವಿಗೆ ಇರುವೆ ಹತ್ತಿತ್ತು, ಇವಳು ಮಂಚಿ, ಎಂದ, ಸಾಯುತ್ತಿದ್ದ ಮಗುವನ್ನು ಮಡಿಲಿಂದ ಇಳಿಸದೆ ಸತ್ತವಳು, ಬಾವಿಯ ಕಥೆ ಸುಳ್ಳು, ಅದನ್ನು ಕಟ್ಟಿದವನು ನಾನು. ಎಲ್ಲರೂ ನಕ್ಕರು. ಕುಸುಮ ಎಂಬ ಟೀಚರು, ಹೋದ ತಿಂಗಳೂ ಬಂದಿದ್ದವಳು, ಗಂಡನ ತೋಳು ಹಿಡಿದು, ಸರ್ ಇಂಗೇ ಆಟ ಆಡಿಸ್ತಾರೆ ಕಣ್ರೀ, ನಾನೇ ಹೇಳ್ತೀನಿ ಕೇಳಿ, ಎಂದು ಶುರು ಮಾಡಿಯೇಬಿಟ್ಟಳು, ಬಾವಿ, ಸೇಡು, ಎಸೆದ ಸದ್ದು, ಅವನು ಎಂದೂ ಹೇಳದ ಒಂದು ಚೀರಾಟವನ್ನೂ ಸೇರಿಸಿದಳು, ಬೇಡ ಮೇಡಂ, ಬೇಡ, ಅವನ ದನಿ ಅವನಿಗೇ ಕೇಳಿಸಲಿಲ್ಲ, ಜನ ಅವಳ ಸುತ್ತ ಸೇರಿ ಒತ್ತಿ ನಿಂತಿದ್ದಾರೆ, ಅವರ ಕಾಲುಗಳ ಸಂದಿಯಲ್ಲಿ ಆ ದುಂಡು ಕಲ್ಲು, ಅದರ ಎರಡು ಪಕ್ಕದಲ್ಲಿ, ಈಗ ಅಲ್ಲಿಲ್ಲದ, ಮುದಿಯ, ಬಿರುಕುಬಿಟ್ಟ ಎರಡು ಅಂಗೈ, ಕಿವಿ ಮುಚ್ಚುವಂತೆ, ಎರಡು ಅಂಗೈ, ಎರಡು ಅಂಗೈ—