ಕೈಗವಸಿನ ಪಾಠ

"ಏನಬೇ ಇದು? ಹೆಬ್ಬೆಟ್ಟೋ, ಎಮ್ಮಿ ಸಗಣಿಯೋ?"

ಸಂಗಯ್ಯ ಹಾಜರಿ ಪುಸ್ತಕವನ್ನು ಮುರಿಗೆವ್ವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ಬನವಾಸಿ ರಸ್ತೆಯ ಅನಾನಸು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ಅವನು ನಮ್ಮ ಸೂಪರವೈಸರು. ಪುಟದ ತುಂಬ ಒಂದರ ಕೆಳಗೊಂದು ಮಸಿಯ ಉಂಡೆಗಳು.

"ಒಂದ್ ಗೆರಿ ಇಲ್ಲ, ಒಂದ್ ಸುತ್ತಿಲ್ಲ. ಮನಷ್ಯಾರ ಹೆಬ್ಬೆಟ್ಟು ಹಿಂಗಿರತೈತೇನ, ಬೋಸುಡಿ?"

"ಗೆರಿ ಎಲ್ಲಾ ನಿಮ್ಮ ಡಬ್ಬ್ಯಾಗ ಹೋಗ್ಯಾವ್ರಿ," ಎಂದಳು ಮುರಿಗೆವ್ವ, ಕೈಯಲ್ಲಿದ್ದ ಚಾಕು ನಿಲ್ಲಿಸದೆ. "ಬೇಕಂದ್ರ ಒಂದ್ ಡಬ್ಬಿ ಒಡದ ನೋಡ್ರಿ."

ಅವಳು ಹೇಳಿದ್ದು ಸುಳ್ಳಲ್ಲ. ಗಟ್ಟಿ ಮಾಂಸಕ್ಕೆ ಎರಡು ಹೋಳು ಅನಾನಸು ಹಾಕಿದರೆ ಬೆಣ್ಣೆಯಂತೆ ಬೇಯುತ್ತದೆ ಎಂದು ನಮ್ಮ ಅಮೀರುನ್ನಿಸಾ ಹೇಳುತ್ತಿದ್ದಳು. ನಾವು ನಲವತ್ತು ಹೆಂಗಸರು ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬರಿಗೈಯಲ್ಲಿ ಅದರ ಸಿಪ್ಪೆ ಹೆರೆದು, ಕಣ್ಣು ತೆಗೆದು, ಹೋಳು ಮಾಡುತ್ತಿದ್ದೆವು. ನಮ್ಮದೂ ಮಾಂಸವೇ ತಾನೆ. ಮೊದಲ ತಿಂಗಳು ಕೈ ಉರಿಯುತ್ತದೆ, ಎರಡನೇ ತಿಂಗಳು ಸಿಪ್ಪೆ ಏಳುತ್ತದೆ, ಮೂರನೆಯ ತಿಂಗಳಿಗೆ ಬೆರಳ ತುದಿ ಉಜ್ಜಿದ ತಾಮ್ರದ ಹಾಗೆ ನುಣ್ಣಗಾಗುತ್ತದೆ. ಆಮೇಲೆ ರಕ್ತ.

ಹಿಂದಿನ ಹಂಗಾಮಿನಲ್ಲಿ ನಮ್ಮ ಜೊತೆಗೇ ಹೆರೆಯುತ್ತಿದ್ದ ಬೈರನ ಹೆಂಡತಿಯ ಕೈ ಕೀವು ಕಟ್ಟಿ ಎರಡು ಬೆರಳು ತೆಗೆಸಬೇಕಾಯಿತು. ಬೈರ ಯಾರ ಕೈಕಾಲು ಹಿಡಿದನೋ, ಒಂದು ಅರ್ಜಿ ಬರೆಸಿ ಹಾಕಿದ. ಕಾರ್ಮಿಕ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಬಂದವರು ಒಬ್ಬಳ ಕೈಯನ್ನೂ ನೋಡಲಿಲ್ಲ. ಪುಸ್ತಕ ನೋಡಿದರು.

"ರೀ ಹೆಗಡೇರೆ, ಇಲ್ಲಿ ನಲವತ್ತು ಜನ ಕೆಲಸ ಮಾಡ್ತಾರೋ, ಒಬ್ಬಳೇ ನಲವತ್ತು ಸಲ ಹೆಬ್ಬೆಟ್ಟು ಒತ್ತಿದ್ದಾಳೋ?"

ಹೀಗೆ ಸರಕಾರದ ಕಣ್ಣಿನಲ್ಲಿ ನಾವು ನಲವತ್ತು ಹೆಂಗಸರು ಒಬ್ಬಳೇ ಆಗಿಬಿಟ್ಟೆವು. ಬೈರನ ಹೆಂಡತಿಯ ಬೆರಳಿನ ಮಾತು ಅಲ್ಲಿಗೇ ಮುಗಿಯಿತು. ಸಾಹೇಬರ ಜೀಪು ಹೋದ ಮೇಲೆ ಮಾಲೀಕರಾದ ದಿನಕರ ಹೆಗಡೇರು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು.

"ಇನ್ನು ಹೆಬ್ಬೆಟ್ಟು ಸಾಕು ಮಾರಾಯ್ರೆ, ಮರ್ಯಾದೆ ಹೋಗ್ತದೆ. ಎಲ್ರೂ ಸಹಿ ಮಾಡ್ಬೇಕು. ಓದು ಬರಹ ನಾನೇ ಕಲಸ್ತೆ ನಿಮ್ಗೆ. ಪುಕ್ಕಟೆ!"

ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದಂತೆ. ಆದರೆ ಈ ಎಮ್ಮೆ ನಮ್ಮ ಊಟದ ಹೊತ್ತನ್ನೇ ಮೇಯುತ್ತಿತ್ತು. ಒಂದು ಗಂಟೆಯ ಬಿಡುವಿನಲ್ಲಿ ಮುಕ್ಕಾಲು ಗಂಟೆ ಪಾಠ, ಕಾಲು ಗಂಟೆ ರೊಟ್ಟಿ.

ನಾನು ಬನವಾಸಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಪಾಸಾದವಳು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಎಲ್ಲರ ಹಾಗೆ ಹೆಬ್ಬೆಟ್ಟು ಒತ್ತುತ್ತಿದ್ದೆ. ಅದನ್ನು ಹೇಳಿದ್ದೇ ತಪ್ಪಾಯಿತು.

"ನಲವತ್ತು ಮಂದಿ ಅನಕ್ಷರಸ್ಥರು ಅಂತ ಇಲಾಖೆಗೆ ಬರದ ಕಳಿಸೀವಿ," ಎಂದ ಸಂಗಯ್ಯ. "ನೀ ಒಬ್ಬಾಕಿ ಓದಿದಾಕಿ ಆದ್ರ ಪಟ್ಟಿ ಕೆಡತೈತಿ. ಮರ್ತ ಬಿಡು."

"ಹೆಂಗ ಮರೀಲ್ರೀ?"

"ಹೊಲ್ಯಾರ ದೇವೀಗೆ ಮರಿಯಾಕೂ ಕಲಸಬೇಕೇನ? ಬಾಯಿ ಮುಚ್ಚಕೊಂಡ ಕುಂದ್ರು."

ಮುಚ್ಚಿಕೊಂಡು ಕುಳಿತೆ. ಖಾಲಿ ಡಬ್ಬಿಗಳ ಗೋದಾಮಿನಲ್ಲಿ ಸಕ್ಕರೆ ಚೀಲಗಳ ಮೇಲೆ ನಾವು, ಎದುರಿಗೆ ಕುರ್ಚಿಯಲ್ಲಿ ಪರಿಮಳಾ ಮೇಡಂ. ಹೆಗಡೇರ ಚಿಕ್ಕಪ್ಪನ ಮಗಳು, ಎಲ್ಲಿಯೋ ಹದಿನೈದು ದಿನದ ತರಬೇತಿ ಮುಗಿಸಿ ಬಂದಿದ್ದರು. ಕೆಟ್ಟ ಹೆಂಗಸಲ್ಲ. ಯಾರಿಗೂ ಬಯ್ಯುತ್ತಿರಲಿಲ್ಲ. ಬಳಪ ಕೊಡುವಾಗ ಮಾತ್ರ ಒಂದು ಗೇಣು ಮೇಲಿನಿಂದ ನಮ್ಮ ಅಂಗೈಗೆ ಬಿಡುತ್ತಿದ್ದರು. ನಮ್ಮದು ನುಣ್ಣನೆ ಬೆರಳು, ಹಿಡಿಯಲು ಬರುತ್ತಿರಲಿಲ್ಲ. ದಿನವೂ ನಾಲ್ಕೈದು ಬಳಪ ನೆಲಕ್ಕೆ ಬಿದ್ದು ಮುರಿಯುತ್ತಿದ್ದವು. ಆಗ ಮೇಡಂ ಬೇಸರ ಮಾಡಿಕೊಳ್ಳುತ್ತಿದ್ದರು.

ಮೂರನೆಯ ದಿನ ನಾನು ಮೈಮರೆತು ಹಲಗೆಯ ಮೇಲೆ ನನ್ನ ಹೆಸರು ಬರೆದುಬಿಟ್ಟೆ. ಮೇಡಂ ಬೆರಗಾದರು. ಆಮೇಲೆ ಚಿಂತೆಗೆ ಬಿದ್ದರು.

"ಇಷ್ಟು ಬೇಗ ಕಲಿತ್ರೆ ಹ್ಯಾಂಗೆ ಮಾರಾಯ್ತಿ? ಅರವತ್ತು ದಿನದ ಪಾಠ ಇದು. ನಿಧಾನ ಕಲಿ."

ನಾನು ನಿಧಾನ ಕಲಿಯತೊಡಗಿದೆ. ಬರುವುದನ್ನು ಬರದ ಹಾಗೆ ಮಾಡುವುದು ಎಷ್ಟು ಕಷ್ಟ ಎಂದು ಆ ಅರವತ್ತು ದಿನದಲ್ಲಿ ನನಗೆ ಗೊತ್ತಾಯಿತು.

ಪಾಠದ ಪದ್ಧತಿ ಹೊಸದು. ಓದಿದ್ದನ್ನು ಅಲ್ಲೇ ಮಾಡಿ ತೋರಿಸಬೇಕು, ತೋರಿಸಿದ ಮೇಲೇ ಮುಂದಿನ ಸಾಲು. 'ನಿಲ್ಲು' ಎಂದು ಓದಿದರೆ ನಿಲ್ಲಬೇಕು. 'ನೀರು ಕುಡಿ' ಎಂದು ಓದಿದರೆ ಕುಡಿಯಬೇಕು. 'ನಗು' ಎಂದು ಓದಿ ನಲವತ್ತು ಜನ ಹಸಿದ ಹೊಟ್ಟೆಯಲ್ಲಿ ನಕ್ಕೆವು. ಎರಡನೆಯ ತಿಂಗಳಿಗೆ 'ಕೈಗವಸು ಹಾಕಿಕೋ' ಎಂಬ ಪಾಠ ಬಂತು. ಹೆಗಡೇರು ತಮ್ಮ ಕೋಣೆಯ ಗಾಜಿನ ಕಪಾಟಿನ ಬೀಗ ತೆಗೆದು ಒಂದು ಜೊತೆ ಹಳದಿ ರಬ್ಬರಿನ ಕೈಗವಸು ಕೊಟ್ಟು ಕಳಿಸಿದರು. ಮುರಿಗೆವ್ವ ಹಾಕಿಕೊಂಡಳು, ಫೋಟೋ ತೆಗೆದರು, ಬಿಚ್ಚಿಸಿದರು. ಅಮೀರುನ್ನಿಸಾ ಹಾಕಿಕೊಂಡಳು, ಫೋಟೋ, ಬಿಚ್ಚಿಸಿದರು. ಹೀಗೆ ನಲವತ್ತು ಜನ ಒಂದೊಂದು ನಿಮಿಷ ಕೈಗವಸು ಹಾಕಿದೆವು. ನನ್ನ ಸರದಿ ಬಂದಾಗ ಒಳಗೆ ತಂಪಾಗಿತ್ತು, ಕೈ ಉರಿಯುತ್ತಿರಲಿಲ್ಲ. ಆ ಒಂದು ನಿಮಿಷ ಮುಗಿಯಬಾರದು ಅನ್ನಿಸಿತು. ಪಾಠ ಮುಗಿದು, ಕೈಗವಸು ಕಪಾಟಿಗೆ ಹೋಗಿ, ನಾವು ಬರಿಗೈಯಲ್ಲಿ ಮತ್ತೆ ಅನಾನಸಿಗೆ ಕುಳಿತೆವು.

ಐವತ್ತೆಂಟನೆಯ ದಿನ ಸಂಗಯ್ಯ ನನ್ನ ಕೈಗೆ ಅಚ್ಚು ಹಾಕಿಸಿದ ಕಾಗದದ ಕಟ್ಟು ಕೊಟ್ಟು ಗೋದಾಮಿನಲ್ಲಿ ಇಡಲು ಹೇಳಿದ. ನಾನು ಓದು ಮರೆತವಳು ಎಂದು ಅವನು ನಂಬಿದ್ದ. ಪಾಪ, ಮರೆ ಎಂದು ಹೇಳಿದವನೇ ಅವನು. ಕಾಗದದಲ್ಲಿ ಇದ್ದದ್ದು ಮೂರೇ ಸಾಲು.

'ನನಗೆ ಕೈಗವಸು ಕೊಡಲಾಗಿದೆ.

ಅದನ್ನು ಬಳಸುವ ವಿಧಾನ ಓದಿ ತಿಳಿದುಕೊಂಡಿದ್ದೇನೆ.

ಇನ್ನು ಕೈಗೆ ಏನಾದರೂ ನಾನೇ ಹೊಣೆ.'

ಕೆಳಗೆ ಸಹಿಗೆ ಜಾಗ. ಅರವತ್ತು ದಿನದ ಅಕ್ಷರ ಈ ಒಂದು ಜಾಗ ತುಂಬುವುದಕ್ಕೆ. ಮುರಿಗೆವ್ವನಿಗೆ ನಲ್ಲಿಯ ಹತ್ತಿರ ಹೇಳಿದೆ. ಅವಳ ಬಲಗೈಯ ತೋರುಬೆರಳು ಆಗಲೇ ಬದನೆಕಾಯಿಯಂತೆ ಊದಿತ್ತು.

"ಸಹಿ ಮಾಡಿದ್ರ, ನಾಳೆ ನನ್ನ ಬಳ್ಳು ಕೊಳತ್ರ ಅದು ನಂದಽ ತಪ್ಪು?"

"ಹೌದಬೇ."

"ಮಾಡದಿದ್ರ?"

"ಕೆಲಸ ಇಲ್ಲ ಅಂತಾರ."

ಅವಳು ಬಹಳ ಹೊತ್ತು ಕೈಮೇಲೆ ನೀರು ಬಿಟ್ಟುಕೊಂಡಳು. "ಇವರ ಹೆಣಾ ಎತ್ಲಿ," ಎಂದಳು. "ಬರಿಗೈಲೆ ದುಡದಿದ್ದು ಸಾಲ್ಲಿಲ್ಲಂತ. ಮೊದಲನೇ ಸಾಲ ಏನಂದಿ, ಇನ್ನೊಮ್ಮೆ ಹೇಳು."

ಹೇಳಿದೆ. ಅವಳು ಬಾಯಿಪಾಠ ಮಾಡಲಿಲ್ಲ. ಮರುದಿನವಿಡೀ, ಬೆಂಕಿಕಡ್ಡಿಯಿಂದ ಸಿಪ್ಪೆಯ ರಾಶಿಯ ಪಕ್ಕದ ನೆಲದ ಮೇಲೆ ಅದೇ ಅಕ್ಷರಗಳನ್ನು ಗೀಚಿ ಗೀಚಿ ನೋಡಿದಳು. ಬೇರೆಯವರಿಗೂ ತೋರಿಸಿದಳು. ನನಗಾದರೋ ಹೆದರಿಕೆ. ಕೆಲಸ ಹೋದರೆ ನನ್ನ ಮನೆಯಲ್ಲೂ ಒಲೆ ಹತ್ತುವುದಿಲ್ಲ.

ಅರವತ್ತನೆಯ ದಿನ ಅಂಗಳದಲ್ಲಿ ಶಾಮಿಯಾನ ಹಾಕಿ, ಸಾಹೇಬರನ್ನು ಕೂರಿಸಿ, ಮುಂದೆ ತಟ್ಟೆಯಲ್ಲಿ ಅನಾನಸಿನ ಹೋಳು ಇಟ್ಟರು. ಗೇಟಿನ ಹೊರಗೆ ಹಣ್ಣಿನ ಲಾರಿಗಳು ನಿಂತಿದ್ದವು. ಹೆಗಡೇರು ಭಾಷಣದಲ್ಲಿ ನಮ್ಮನ್ನು ಕತ್ತಲೆಯಿಂದ ಬೆಳಕಿಗೆ ತಂದರು. ಪರಿಮಳಾ ಮೇಡಂ ಪದ್ಧತಿಯನ್ನು ವಿವರಿಸಿದರು. ಎಲ್ಲರ ಕೈಗೂ ಒಂದೊಂದು ಕಾಗದ ಬಂತು. ವಯಸ್ಸಾದವಳು ಓದಿದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಮುರಿಗೆವ್ವನನ್ನು ಮುಂದೆ ಕರೆದರು.

ಅವಳು ಕಾಗದವನ್ನು ಎರಡೂ ಅಂಗೈಯ ನಡುವೆ ಹಿಡಿದು ಓದತೊಡಗಿದಳು.

"ನ... ನ... ಗೆ... ನನಗೆ. ಕೈ... ಗ... ವ... ಸು..."

ಒಂದು ಸಾಲಿಗೆ ಐದು ನಿಮಿಷ ಹಿಡಿಯಿತು. ಸಾಹೇಬರು ಎರಡು ಹೋಳು ತಿಂದರು. ಕೊನೆಗೆ 'ಕೊಡಲಾಗಿದೆ' ಎಂದವಳೇ ಕಾಗದ ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈ ಮುಂದೆ ಚಾಚಿದಳು.

"ಕೊಡ್ರಿ."

ಹೆಗಡೇರು ನಕ್ಕರು. "ಮುಂದೆ ಓದೆ ಮಾರಾಯ್ತಿ."

"ಹೆಂಗ್ ಓದ್ಲ್ರೀ ಸಾವ್ಕಾರ್ರ? ಓದಿದ್ದು ಮಾಡಿ ತೋರಿಸಬೇಕ್ರಿ. ಕೊಟ್ರ ಮುಂದಿನ ಸಾಲಿಗೆ ಹೊಕ್ಕೀನಿ."

"ವಾ, ಬಹಳ ಒಳ್ಳೆ ಪದ್ಧತಿ ಮೇಡಂ!" ಎಂದರು ಸಾಹೇಬರು. "ಕೊಡಿ, ಕೊಡಿ."

ಹೆಗಡೇರು ಮೇಡಂ ಕಡೆ ಬಾಗಿದರು. "ಕೊಟ್ಬಿಡೆ. ಫೋಟೋ ಆದ್ಮೇಲೆ ತಗಂಡ್ರಾತು."

ಹಳದಿ ಕೈಗವಸು ಬಂತು. ಮುರಿಗೆವ್ವ ಊದಿದ ಬೆರಳನ್ನು ಹಲ್ಲು ಕಚ್ಚಿಕೊಂಡು ಒಳಗೆ ತೂರಿಸಿದಳು. ಚಪ್ಪಾಳೆ ಬಿತ್ತು. ಆಗ ಅಮೀರುನ್ನಿಸಾ ಎದ್ದು ನಿಂತಳು. ಅವಳೂ ಕಾಗದ ನೋಡಿ ನಿಧಾನವಾಗಿ ಅದೇ ಸಾಲು ಓದಿ ಕೈ ಚಾಚಿದಳು.

"ನಮ್ದೂ ಕೊಡ್ರಿ."

ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಶಾಮಿಯಾನದ ಕೆಳಗೆ 'ನನಗೆ ಕೈಗವಸು ಕೊಡಲಾಗಿದೆ' ಎಂಬುದು ಭಜನೆಯಂತೆ ಏಳತೊಡಗಿತು. ಸಾಹೇಬರು ಗಡಿಯಾರ ನೋಡಿದರು.

"ಉಳಿದವು ಎಲ್ಲಿವೆ ಹೆಗಡೇರೆ?"

"ಬರ್ತಾ ಇದ್ದು... ಬರ್ತಾ ಇದೆ ಸರ್. ಹುಬ್ಬಳ್ಳಿಯಿಂದ ಹೊರಟಿದೆ."

"ಆನು ಮೊದ್ಲೇ ಹೇಳಿದ್ದಿ ದಿನಕರಣ್ಣ," ಮೇಡಂ ತಮ್ಮ ಮನೆಮಾತಿನಲ್ಲಿ ಪಿಸುಗುಟ್ಟಿದರು, "ಒಂದು ಜೊತೆ ಸಾಲ್ತಿಲ್ಲೆ ಹೇಳಿ."

ಸಂಗಯ್ಯನಿಗೆ ಉಪಾಯ ಹೊಳೆಯಿತು. ಫೋಟೋದ ದಿನ ಮಾಡಿದ ಹಾಗೆ ಒಬ್ಬಳದನ್ನು ಬಿಚ್ಚಿ ಇನ್ನೊಬ್ಬಳಿಗೆ ಹಾಕಿದರಾಯಿತು. ಅವನು ಮುರಿಗೆವ್ವನ ಬಲಗೈ ಹಿಡಿದ.

"ಬಿಚ್ಚಬೇ. ನಿಂದ ಆತಲ್ಲ."

"ನನಗ ಕೊಟ್ಟಾರ. ಕಾಗದದಾಗ ಬರದೈತಿ."

"ಬಿಚ್ಚಽ ರಂಡಿ!"

ಅವನು ತುದಿ ಹಿಡಿದು ಜಗ್ಗಿದ. ಅವಳು ಕೈ ಹಿಂದಕ್ಕೆಳೆದಳು. ಮತ್ತೆ ಜಗ್ಗಿದ. ಕೈಗವಸು ಒಳಮೈ ಹೊರಗಾಗಿ ಕಿತ್ತು ಬಂತು. ಅದರ ಜೊತೆಗೆ ತೋರುಬೆರಳಿನ ತೊಗಲೂ ಬಂತು. ಮುರಿಗೆವ್ವನ ಕಂಕುಳಿನ ಕಾಗದ ಕೆಳಗೆ ಬಿದ್ದಿತು. ಸಾಹೇಬರು ಬಾಯಿಯಲ್ಲಿದ್ದ ಹೋಳನ್ನು ಉಗುಳಲೂ ಆಗದೆ ನುಂಗಲೂ ಆಗದೆ ತಟ್ಟೆಯನ್ನು ದೂರ ಸರಿಸಿದರು.

ಸಂಗಯ್ಯ ಗಾಬರಿಯಲ್ಲಿ ಅದನ್ನೇ ಅಮೀರುನ್ನಿಸಾಳ ಕೈಗೆ ಹಾಕಲು ಹೋದ. ಅವಳು ಬಗ್ಗಿ ಒಳಗೆ ನೋಡಿದಳು.

"ಇದ್ರಲ್ಲಿ ಮುರಿಗೆವ್ವಂದು ಬೆರಳು ಐತ್ರಿ," ಎಂದಳು. "ನಮ್ದು ಬೇರೆ ಕೊಡ್ರಿ."

ಹೆಗಡೇರು ಸಂಗಯ್ಯನಿಗೆ ಗಂಟೆ ಹೊಡೆಯಲು ಸನ್ನೆ ಮಾಡಿದರು. ಗಂಟೆ ಹೊಡೆದರೆ ನಾವು ಎದ್ದು ಕೆಲಸಕ್ಕೆ ಹೋಗುವ ಜನ. ಅವನು ಓಡಿಹೋಗಿ ಹೊಡೆದ. ಮತ್ತೆ ಹೊಡೆದ. ಚಾಚಿದ ಕೈ ಒಂದೂ ಇಳಿಯಲಿಲ್ಲ. ಹೊರಗೆ ಲಾರಿಯವರು ಹಾರ್ನ್ ಬಾರಿಸಿದರು. ಬಿಸಿಲಿಗೆ ಹಣ್ಣು ಹುಳಿಯುತ್ತಿರುವ ವಾಸನೆ ಅಂಗಳದವರೆಗೆ ಬರುತ್ತಿತ್ತು.

"ದೇವಿ, ನೀನಾದ್ರೂ ಮುಂದೆ ಓದೆ," ಎಂದರು ಪರಿಮಳಾ ಮೇಡಂ. ಅವರ ದನಿ ಅಳುವ ಹಾಗಿತ್ತು. "ನೀನು ಎಲ್ರಿಗಿಂತ ಬೇಗ ಕಲಿತವಳು."

ಮುರಿಗೆವ್ವ ನನ್ನನ್ನು ನೋಡಿದಳು. ಅವಳ ಬೆರಳಿನಿಂದ ಸೋರಿದ್ದು ಮೊಣಕೈವರೆಗೆ ಇಳಿದಿತ್ತು. ನನಗೆ ಮೂರೂ ಸಾಲು ಬರುತ್ತಿದ್ದವು. ಎದ್ದು ನಿಂತು, ಮೊದಲನೆಯದನ್ನು ಓದಿ, ಕೈ ಚಾಚಿದೆ.

"ಎರಡನೇದು ನನಗ ಮರ್ತೈತ್ರಿ," ಎಂದೆ.

ಸಾಹೇಬರ ಜೀಪು ಹೊರಟುಹೋಯಿತು. ಶಾಮಿಯಾನದವನು ಬಂದು ಗೂಟ ಕೀಳುವವರೆಗೂ ಎಂಬತ್ತು ಕೈಗಳು ಚಾಚಿಯೇ ಇದ್ದವು. ನಾವು ಇನ್ನೂ ಮೊದಲನೆಯ ಸಾಲಿನಲ್ಲೇ ಇದ್ದೆವು.