ಟಾಕಿಯ ಮೈಲಿಗೆ

"ಯಾವ ಕೈ ಅದ್ದೀದಿ, ಬೊಗಳ ರಂಡೆ! ಎಡಗೈಯೋ ಬಲಗೈಯೋ?"

ಮಲಕಪ್ಪ ಶೇಠರು ತಂಬಿಗೆಯ ನೀರನ್ನು ಮೂಸಿದರು. ಅದೇ ಮೂಗಿನಿಂದ ಭೀಮವ್ವನನ್ನೂ ಮೂಸುವವರಂತೆ ಬಗ್ಗಿ, ಮೈಲಿಗೆ ನೆನಪಾಗಿ ಒಂದು ಮಾರು ಹಿಂದೆ ಸರಿದರು.

ಪುಣೆಯ ಆ ವಾಡೆಯಲ್ಲಿ ಹಂಚಿನ ಮೇಲೆ ಬಿದ್ದ ಮಳೆ ಕೊಳವೆಯಲ್ಲಿಳಿದು ಅಂಗಳದ ನೆಲದೊಳಗಿನ ಕಲ್ಲಿನ ತೊಟ್ಟಿ, ಟಾಕಿ, ಸೇರುತ್ತಿತ್ತು. ಹಂಚಿನ ಮೇಲಿನ ಇಲಿ ಹಿಕ್ಕೆ ಬಳಿಯುವುದು ಭೀಮವ್ವನ ಪಾಲು. ಟಾಕಿಯ ಹತ್ತಿರ ಸುಳಿಯುವಂತಿಲ್ಲ. ಎಂಟು ದಿನದಿಂದ ನೀರು ನಾರುತ್ತಿತ್ತು. ಶೇಠರ ಸೊಸೆ ಹಾಸಿಗೆ ಹಿಡಿದಿದ್ದಳು. ಅದೇ ನೀರನ್ನು ಮೇಲಿಂದ ಹೊಯ್ಯಿಸಿಕೊಂಡು ಕುಡಿಯುವ ಭೀಮವ್ವನ ಮಗಳು ಅಪ್ಪಿಗೂ ಜ್ವರ. ಕಣ್ಣುಗಳು ಅರಿಶಿನ ಬಳಿದಂತಾಗಿದ್ದವು. ಬೇರೆ ನೀರೆಂದರೆ, ಯಾವ ನಳದ ಹತ್ತಿರವೂ ಅವರನ್ನು ಬಿಡುತ್ತಿರಲಿಲ್ಲ.

"ನಾ ಮುಟ್ಟಿಲ್ರೀ ಯಪ್ಪಾ. ಕೊಳವಿ ಬಾಯಿಗೆ ತಂತಿ ಜಾಳಗಿ ಕಟ್ಟಿದ್ನಿ. ಕಿತ್ತಿಸಿದವರು ನೀವಽ."

"ಮತ್ತ? ನೀ ಮುಟ್ಟಿದ ಜಾಳಗ್ಯಾಗ ಸೋಸಿದ ನೀರು ನಾವು ಕುಡೀಬೇಕೇನ?"

"ಅದಕ್ಕಽ ಹೆಗ್ಗಣ ಒಳಗಿಳದು ಸತ್ತೈತ್ರಿ. ಪ್ಲೇಗಿನಾಗ ಇಲಿ ಬಿತ್ತಂದ್ರ ಮನಿ ಬಿಟ್ಟು ಓಡಿದ್ರಿ. ಈಗ ಅದರ ಸಾರು ಕುಡ್ಯಾಕ ಹತ್ತೀರಿ. ಟಾಕಿ ಖಾಲಿ ಮಾಡಸ್ರಿ."

ಪೂಜೆಯ ಸುಬ್ಬಯ್ಯನವರು ಗಂಟಲು ಸರಿಮಾಡಿಕೊಂಡರು. "ಶೇಠಜಿ, ಇಕಿ ಮುಟ್ಟಿದ್ದು ಖರೇ ಇದ್ರ ಒಂದು ಹನಿ ಉಳೀಧಂಗ ಚೆಲ್ಲಬೇಕು. ಹೆಗ್ಗಣಾದ್ರ ತೀರ್ಥ ಹಾಕಿದ್ರ ಸಾಕು. ಎಷ್ಟಂದ್ರೂ ಗಣಪತಿ ವಾಹನ."

ಶೇಠರು ಟಾಕಿಯತ್ತ ನೋಡಿದರು, ಅಂಚಿನವರೆಗೂ ನೀರಿತ್ತು. ಆಕಾಶ ನೋಡಿದರು, ಮಳೆಗಾಲ ಮುಗಿದಿತ್ತು.

"ಭೀಮವ್ವ ಸುಳ್ಳು ಹೇಳಾಕಿ ಅಲ್ಲ ಬಿಡ್ರಿ," ಎಂದರು. "ಹೆಗ್ಗಣಽ ಇದ್ದೀತು."

ಇಪ್ಪತ್ತು ವರ್ಷದ ಚಾಕರಿಯಲ್ಲಿ ಆಕೆಗೆ ಸಿಕ್ಕ ಮೊದಲ ಹೊಗಳಿಕೆ ಅದು. ಸುಬ್ಬಯ್ಯನವರು ಮೂಗು ಮುಚ್ಚಿಕೊಂಡು ಮಂತ್ರ ಹೇಳಿದರು, ಹಾಗಾಗಿ ಅರ್ಧ ಮಂತ್ರ ಮೂಗಿನಲ್ಲೇ ಉಳಿಯಿತು. ತೀರ್ಥ ಬಿತ್ತು. ಶೇಠರು ತಂಬಿಗೆ ತುಂಬಿ ಸೊಸೆಗೆ ಕಳಿಸಿದರು. ಆಮೇಲೆ ಉದಾರವಾಗಿ ಒಂದು ಕೊಡ ತುಂಬಿ ಎತ್ತಿದರು.

"ಹಿಡಿ, ನಿನ್ನ ಮಗಳಿಗೂ ಒಯ್ಯಿ. ಈಗ ಶುದ್ಧ ಅದ."

ಭೀಮವ್ವ ನೀರು ಹೊಯ್ಯಿಸಿಕೊಳ್ಳಲು ತಂದಿದ್ದ ತನ್ನ ಗಡಿಗೆಯನ್ನು ಕೆಳಗಿಟ್ಟಳು. ಸೀರೆ ಮೇಲೆತ್ತಿ ಕಟ್ಟಿ, ಶೇಠರ ಪಕ್ಕದಿಂದಲೇ ಹಾದು, ಟಾಕಿಯ ಕಲ್ಲು ಮೆಟ್ಟಿಲು ಇಳಿದಳು. ಒಂದು, ಎರಡು, ಮೂರು. ನೀರು ಎದೆಮಟ್ಟ ಬಂದಾಗ ನಿಂತಳು.

"ಏ ಬೋಸೂಡಿ! ಮ್ಯಾಲ ಬಾ!"

"ಬರಂಗಿಲ್ರಿ. ಈಗ ಚೆಲ್ಲಸ್ರಿ."

ಶೇಠರು ಕೂಗಿದರು, ಸುಬ್ಬಯ್ಯನವರು ಕೂಗಿದರು, ಮಹಡಿಯ ಹೆಂಗಸರು ಕೂಗಿದರು. ಆಕೆಯನ್ನು ಎಳೆದು ಹಾಕಬೇಕೆಂದರೆ ಯಾರಾದರೂ ಮುಟ್ಟಬೇಕಿತ್ತು. ಟಾಕಿಯ ಸುತ್ತ ಜನ ಸೇರುತ್ತಲೇ ಹೋದರು. ಕೈಗಳೆಲ್ಲ ಬೆನ್ನ ಹಿಂದಿದ್ದವು.