ಕಮಾಂಡರ್ ಪದಕಕ್ಕೆ ಸಾಕ್ಷಿ

"ಏಯ್ ಮುಂಡೆ, ಕೆಳಗಿಡೇ ಸನಿಕೆನ! ಈ ಜೌಗು ನಿನ್ನಪ್ಪಂದು ಅನ್ಕಂಡಿದ್ದೀಯಾ?"

ಮೇಸ್ತ್ರಿ ಬಾರ್ಟ್ಲಿ ದಡದ ಮೇಲೆ ನಿಂತು ಅರಚಿದ. ಮೊಣಕಾಲುದ್ದ ಕೆಸರಲ್ಲಿ ನಿಂತು ಜೌಗುಮಣ್ಣನ್ನು ಇಟ್ಟಿಗೆಯಂತೆ ಕೊಯ್ಯುತ್ತಿದ್ದ ಡೆಲಿಯಾ ತಲೆ ಎತ್ತಿದಳು. ಒಣಗಿದ ಆ ಮಣ್ಣಿನ ಹೆಂಟೆಯೇ ಅವಳ ಒಲೆಗೆ ಸೌದೆ. ಅದಿಲ್ಲದಿದ್ದರೆ ಎದೆ ಕೆಟ್ಟು ಮಲಗಿರುವ ಗಂಡ ಫೆಸ್ಟಿ ಈ ಚಳಿಗಾಲ ದಾಟುವುದಿಲ್ಲ.

"ನಮ್ಮನೆಯವ್ರ ತಾತನ ಕಾಲ್ದಿಂದ ಕುಯ್ತಿರೋ ಜಾಗ ಕಣ್ಲಾ ಇದು."

"ಅದು ದೊರೆಗಳ ಕಾಲ. ಈಗ ಸ್ವಾತಂತ್ರ್ಯ ಬಂದದೆ. ಜೌಗು ಕಮಾಂಡರ್ ಸಾಹೇಬ್ರದು. ಒಂದೊಂದು ಹೆಂಟೆನೂ ಲಾರೀಲಿ ಡಬ್ಲಿನ್‌ಗೆ ಹೋಗ್ಬೇಕು."

ಅವಳು ತಿಂಗಳಿಂದ ಒಣಗಿಸಿ ಒಟ್ಟಿದ್ದ ರಾಶಿಯನ್ನೂ ಲಾರಿಗೆ ತುಂಬಿಸಿದ. ಹೋಗುವಾಗ ಮರೆಯದೆ ಅವಳ ಸನಿಕೆಯನ್ನೂ ಕಿತ್ತುಕೊಂಡ.

ಕಮಾಂಡರ್ ಮಲಾಕಿ ಡೆವೇನಿ ಒಂದು ಕಾಲಕ್ಕೆ ಇಂಗ್ಲಿಷರ ವಿರುದ್ಧ ಬಂದೂಕು ಹಿಡಿದವರು, ಈಗ ಶಾಸಕರು. ದೊರೆಯನ್ನು ಓಡಿಸಿ ದೊರೆಯ ಬಂಗಲೆ, ದೊರೆಯ ಕುದುರೆ, ದೊರೆಯ ಜೌಗು ಎಲ್ಲವನ್ನೂ ದೇಶದ ಪರವಾಗಿ ತಾವೇ ಇಟ್ಟುಕೊಂಡಿದ್ದರು. ಹಿಟ್ಲರನ ಯುದ್ಧದಿಂದ ಇಂಗ್ಲೆಂಡಿನ ಕಲ್ಲಿದ್ದಲು ನಿಂತು ಕೆಸರಿಗೂ ಬೆಲೆ ಬಂದಿತ್ತು. ಸಾಹೇಬರ ದೇಶಪ್ರೇಮ ಈಗ ಕೆಸರಿನವರೆಗೂ ಇಳಿದಿತ್ತು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಅವರೇ ಡೆಲಿಯಾಳ ಗುಡಿಸಲಿಗೆ ಬಂದರು. ಜೊತೆಗೆ ಡಬ್ಲಿನ್ನಿನ ಅಧಿಕಾರಿ. ಹಳೆಯ ಹೋರಾಟಗಾರರಿಗೆ ಸರ್ಕಾರ ಪದಕ ಕೊಡುತ್ತಿತ್ತು. ಆದರೆ ತಲೆಮರೆಸಿಕೊಂಡು ಹೋರಾಡಿದ್ದಕ್ಕೆ ಸಾಕ್ಷಿ ಬೇಕು. ಮಾತಾಡಲೂ ಆಗದ ಫೆಸ್ಟಿಯನ್ನು ಬಿಟ್ಟರೆ ಬದುಕಿ ಉಳಿದಿದ್ದ ಸಾಕ್ಷಿ ಇವಳೊಬ್ಬಳೇ.

"ಚೆನ್ನಾಗಿದ್ದೀಯೇನವ್ವಾ ಡೆಲಿಯಾ?" ಮಂಚದ ಮೇಲೆ ಕೂತ ಸಾಹೇಬರ ಮಾತು ಜೇನಾಗಿತ್ತು.

ಇದೇ ಮಂಚದ ಕೆಳಗೆ ಮೂರು ವಾರ ಅಡಗಿದ್ದ ಮಲಾಕಿ ಅವಳಿಗೆ ನೆನಪಾದ. ನೆಲವೆಲ್ಲ ದುಡಿಯುವವರದು ಎಂದು ಮಂಚದಡಿಯಿಂದಲೇ ಭಾಷಣ ಬಿಗಿಯುತ್ತ ಅವಳ ಐದೂ ಕೋಳಿ ಮುಗಿಸಿದ್ದ ಪುಣ್ಯಾತ್ಮ.

"ಜೌಗು ಬುಟ್ಕೊಡಿ ಸ್ವಾಮಿ. ಬೆಂಕಿ ಇಲ್ದೆ ನಮ್ಮೆಜಮಾನ ಸತ್ತೋಯ್ತಾನೆ."

ಸಾಹೇಬರು ಅಧಿಕಾರಿಯತ್ತ ನೋಡಿ ನಕ್ಕರು. "ದೇಶ ಕಷ್ಟದಲ್ಲಿ ಅದೆ ಕಣವ್ವ, ಎಲ್ರೂ ತ್ಯಾಗ ಮಾಡ್ಬೇಕು. ಫೆಸ್ಟಿಗೆ ಒಂದು ಕಂಬಳಿ ಕಳಿಸ್ತೀನಿ. ಈಗ ಸಾಕ್ಷಿ ಯೇಳು."

ಒಳಗೆ ಫೆಸ್ಟಿ ಕೆಮ್ಮಿದ.

ಅಧಿಕಾರಿ ಕಾಗದ ಬಿಚ್ಚಿದ. "ಇಪ್ಪತ್ತನೇ ಇಸವಿ ಚಳಿಗಾಲದಲ್ಲಿ ಇವರು ನಿಮ್ಮನೇಲಿ ಅಡಗಿದ್ರಾ ಅಮ್ಮ?"

ಅವಳು ಸಾಹೇಬರನ್ನು ಟೋಪಿಯಿಂದ ಬೂಟಿನವರೆಗೆ ನಿಧಾನವಾಗಿ ನೋಡಿದಳು.

"ಇಂಗ್ಲಿಷ್ ಸಿಪಾಯಿಗಳು ಫೆಸ್ಟಿ ಎದೆ ಮ್ಯಾಲೆ ಬೂಟ್ಗಾಲಿಟ್ಟು, ಪಕ್ಕೆಲುಬು ಮುರೀತಾ ಇದನ್ನೇ ಕೇಳಿದ್ರು. ಅವತ್ತು ಯೇಳಿದ್ದೇ ಇವತ್ತೂ ಯೇಳ್ತೀನಿ ಸ್ವಾಮಿ. ಈ ಬೋಳಿಮಗನ್ನ ನಾನು ಕಂಡೇ ಇಲ್ಲ."

"ಡೆಲಿಯಾ!" ಸಾಹೇಬರು ದಡಕ್ಕನೆ ಎದ್ದರು. ತಲೆ ಸೂರಿಗೆ ಬಡಿಯಿತು.

"ಕಂಡಿಲ್ಲ ಅಂತ ಬರ್ಕಳಿ."

ಅಧಿಕಾರಿ ಇಬ್ಬರ ಮುಖವನ್ನೂ ನೋಡಿ, ಕೊನೆಗೆ ಬರೆದುಕೊಂಡ. ಓದು ಬಾರದ ಡೆಲಿಯಾ ಅವನ ಕೈಯಿಂದ ಲೇಖನಿ ಕಿತ್ತುಕೊಂಡು, ಸಹಿಗೆ ಬದಲಾಗಿ ಒಂದು ಗೀಟು, ಅದರ ಮೇಲೆ ಅಡ್ಡಕ್ಕೆ ಇನ್ನೊಂದು ಗೀಟು, ಕಾಗದ ಹರಿಯುವಷ್ಟು ಒತ್ತಿ ಎಳೆದಳು.